ಐದನೆಯ ರೋಗಿಯ ಏಳು ಹಲ್ಲು

ನನ್ನ ಹೆಂಡತಿ ಗುಣವತಿ ಗಂಗೊಳ್ಳಿ ಹೊಳೆಯ ಕಡವಿನಲ್ಲಿ ಬೆಳೆದವಳು. ಅವಳ ಅಪ್ಪ ದೋಣಿಯಲ್ಲಿ ಜನರನ್ನು ದಾಟಿಸುತ್ತಿದ್ದರು. ಆಚೆ ದಡದಲ್ಲಿ ಯಾರಾದರೂ ಕೊಡೆ ಎತ್ತಿ ಆಡಿಸಿದರೆ ಈಚೆಯಿಂದ ಕೂಗಿ ಉತ್ತರ ಕೊಡುವುದು ಮಗಳ ಪಾಲಿನ ಕೆಲಸ. ಹೊಳೆ ಅಲ್ಲಿ ಕಿರಿದಲ್ಲ. ಹಾಗಾಗಿ ಅವಳ ಗಂಟಲು ಅಗಲವಾಗಿ ತೆರೆದುಕೊಂಡಿತ್ತು. ಮದುವೆಯಾಗಿ ಮದರಾಸಿಗೆ ಬಂದು ತ್ರಿಪ್ಲಿಕೇನಿನ ಓಣಿಯ ಮನೆಯೊಂದರಲ್ಲಿ ಸಂಸಾರ ಹೂಡಿದಾಗ, ಒಂದೇ ನಲ್ಲಿಗೆ ಆರು ಮನೆಯವರು ಕೊಡ ಹಿಡಿದು ನಿಲ್ಲುವ ಆ ಅಂಗಳದಲ್ಲಿ ಅವಳ ಮಾತೇ ಮೇಲೆ. ಮೂರು ತಿಂಗಳಲ್ಲಿ ತಮಿಳು ಕಲಿತಳು. ತಮಿಳಿನಲ್ಲಿ ಜಗಳ ಮಾಡುವುದನ್ನು ಎರಡೇ ತಿಂಗಳಲ್ಲಿ ಕಲಿತಿದ್ದಳು.

ಅವಳು ಓದಿದವಳಲ್ಲ. ಕನ್ನಡದ ಅಕ್ಷರವನ್ನು ಕೂಡಿಸಿ ಕೂಡಿಸಿ ಓದುತ್ತಿದ್ದಳು, ಅಷ್ಟೆ. ನಾನಾದರೂ ನಾಲ್ಕನೆಯ ಕ್ಲಾಸಿಗೇ ಶಾಲೆ ಬಿಟ್ಟವನು. ಆದರೆ ಹದಿನಾಲ್ಕನೆಯ ವಯಸ್ಸಿಗೆ ಮೌಂಟ್ ರೋಡಿನ ಹತ್ತಿರದ ಒಂದು ಪ್ರೆಸ್ಸಿಗೆ ಸೇರಿ, ಮೊಳೆ ತೊಳೆಯುವುದರಿಂದ ಸುರು ಮಾಡಿ, ಇಂಗ್ಲಿಷ್ ಕಂಪೋಸಿಟರ್ ಆದೆ. ಸೀಸದ ಮೊಳೆಗಳನ್ನು ಒಂದೊಂದಾಗಿ ಹೆಕ್ಕಿ ಸಾಲು ಜೋಡಿಸುವ ಕೆಲಸ ಅದು. ಇಂಗ್ಲಿಷನ್ನು ನಾನು ಬಾಯಿಂದಲ್ಲ, ಬೆರಳಿಂದ ಕಲಿತೆ. ವಕೀಲರು, ಪ್ರೊಫೆಸರರು, ಡಾಕ್ಟರರು ಬರೆದದ್ದೆಲ್ಲ ನನ್ನ ಬೆರಳಿನ ಮೂಲಕ ಹೋಗುತ್ತಿತ್ತು. ಅವರ ತಪ್ಪನ್ನೂ ಹಿಡಿದು ಕೊಡುತ್ತಿದ್ದೆ. ಓಣಿಯ ಜನ ಕಾಗದ ಬಂದರೆ ನನ್ನ ಹತ್ತಿರ ಓದಿಸಿಕೊಳ್ಳುತ್ತಿದ್ದರು, ಅರ್ಜಿ ನನ್ನಿಂದ ಬರೆಸುತ್ತಿದ್ದರು. ಗುಣವತಿ ಇದನ್ನೆಲ್ಲ ನೋಡಿ, "ನಮ್ಮನೆಯವ್ರ್ ಓದದ್ದ್ ಯಾವುದೂ ಇಲ್ಲ" ಎಂದು ನಲ್ಲಿಯ ಹತ್ತಿರ ಹೇಳಿಕೊಳ್ಳುತ್ತಿದ್ದಳು. ನಾನು ಅದನ್ನು ಕೇಳಿಸಿಕೊಂಡೂ ಕೇಳದವನ ಹಾಗೆ ಒಳಗೊಳಗೇ ಉಬ್ಬುತ್ತಿದ್ದೆ.

ನಮ್ಮ ಜಿಲ್ಲೆ ಮದರಾಸಿನ ಕೈಬಿಟ್ಟು ಮೈಸೂರಿಗೆ ಸೇರಿದ ವರ್ಷ, ಐವತ್ತಾರರಲ್ಲಿ, ಅವಳ ನೋವು ಬಂತು. ಬೆಳಿಗ್ಗೆ ಮುಖ ತೊಳೆಯುತ್ತಿದ್ದವಳು ಚೊಂಬು ಬಿಟ್ಟು ಕೂಗಿದಳು. ಎಡಗಡೆ ಮೂಗಿನ ಬದಿಯಿಂದ ದವಡೆಯವರೆಗೆ ಮಿಂಚು ಹೊಡೆದ ಹಾಗೆ ಆಯಿತಂತೆ. ನಾನು ಓಡಿ ಬಂದು ನೋಡುವಷ್ಟರಲ್ಲಿ ಏನೂ ಇಲ್ಲ. ಮುಖ ಮುಖದ ಹಾಗೇ ಇತ್ತು. ಊತವಿಲ್ಲ, ಕೆಂಪಿಲ್ಲ. ಮಾರನೆಯ ದಿನ ಮತ್ತೆ. ಆಮೇಲೆ ದಿನಕ್ಕೆ ಹತ್ತು ಸಲ, ಇಪ್ಪತ್ತು ಸಲ. ತುತ್ತು ಅಗಿದರೆ ಬರುತ್ತಿತ್ತು, ಮಾತಾಡಿದರೆ ಬರುತ್ತಿತ್ತು, ಸಮುದ್ರದ ಕಡೆಯಿಂದ ಗಾಳಿ ಬಂದು ಕೆನ್ನೆಗೆ ತಾಗಿದರೂ ಬರುತ್ತಿತ್ತು. ಬಂದಾಗ ಬಾಯಿಯ ಎಡ ಮೂಲೆ ಗಾಳಕ್ಕೆ ಸಿಕ್ಕಿದ ಮೀನಿನ ಬಾಯಿಯ ಹಾಗೆ ಮೇಲಕ್ಕೆ ಎಳೆಯುತ್ತಿತ್ತು. ಅರೆ ನಿಮಿಷ, ಹೆಚ್ಚೆಂದರೆ ಒಂದು ನಿಮಿಷ. ಹೋದ ಮೇಲೆ ಅವಳು ಅಲ್ಲೇ ಕೂತು ಮುಂದಿನದಕ್ಕೆ ಕಾಯುತ್ತಿದ್ದಳು.

ಇವತ್ತು ಇದಕ್ಕೆ ಗುಳಿಗೆ ಬಂದಿದೆ. ಮುಖದ ನರದ ಕಾಯಿಲೆ ಎಂದು ಸಣ್ಣ ಡಾಕ್ಟರೂ ಹೇಳುತ್ತಾನೆ. ಆಗ ನಮಗೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಗುಣ ನನಗಂತೂ ಇರಲಿಲ್ಲ.

ಎಡ ಮೂಗಿಗೆ ಕೈ ತಾಗಿದರೂ ನೋವು ಹೊಡೆಯುತ್ತಿದ್ದುದರಿಂದ ಒಂದು ದಿನ ಅವಳು ಮೂಗುಬೊಟ್ಟು ತೆಗೆದಿಟ್ಟಳು. ನಮ್ಮ ಕಡೆ ಗಂಡ ಇರುವ ಹೆಂಗಸು ಮೂಗುಬೊಟ್ಟು ತೆಗೆಯುವುದೆಂದರೆ ಸಣ್ಣ ವಿಷಯವಲ್ಲ. ನಾನು ಕೆಲಸದಿಂದ ಬಂದವನು ಅವಳ ಬೋಳು ಮೂಗು ನೋಡಿ ಬೆಂಕಿಯಾದೆ.

"ನಾ ಸತ್ತೆ ಅಂದ್ಕಂಡ್ಯಾ? ಹಾಕ್ ಅದನ್ನ!"

"ಹೋಯ್, ತಾಗುಕೆ ಆತಿಲ್ಲ. ಎರಡ್ ದಿನ ಇರ್ಲಿ ಅಂತ..."

"ಓಣಿಯವ್ರ್ ಎಂತ ಅಂದ್ಕಂಬ್ರ್?"

ಅವಳು ಹಾಕಿಕೊಂಡಳು. ಹಾಕುವಾಗ ಮೂರು ಸಲ ನೋವು ಬಂತು. ನಾನು ಎದುರಿಗೇ ನಿಂತಿದ್ದೆ.

ಕೆಲವು ವರ್ಷ ಹಿಂದೆ ನಾನು ಒಂದು ಕಿರುಹೊತ್ತಗೆಗೆ ಮೊಳೆ ಜೋಡಿಸಿದ್ದೆ. ದೇಹದ ನೂರೆಂಟು ಬೇನೆಗೆ ಹಲ್ಲಿನ ಬೇರಿನಲ್ಲಿ ಅಡಗಿದ ಕೀವೇ ಕಾರಣ, ಹಲ್ಲು ಕಿತ್ತರೆ ಬೇನೆ ಹೋಗುತ್ತದೆ ಎಂದು ಯಾರೋ ಡಾಕ್ಟರು ಅದರಲ್ಲಿ ಬರೆದಿದ್ದರು. ನಲವತ್ತೆಂಟು ಪುಟ. ಜೋಡಿಸಿದ್ದು ನನ್ನ ಕೈ, ಆದ್ದರಿಂದ ಅದು ನನ್ನ ವಿದ್ಯೆ ಎಂದು ತಿಳಿದಿದ್ದೆ. ಗುಣವತಿಯ ನೋವು ದವಡೆಯಲ್ಲಿ ಎಂದ ಕೂಡಲೇ ನನಗೆ ಎಲ್ಲ ಬೆಳಕಾಯಿತು.

"ಹಲ್ಲಲ್ಲ ನೋಯುದ್" ಎಂದಳು. "ಹಲ್ಲಿನ್ ಮೇಲೆ ಎಲ್ಲೋ ಹೊಡಿತ್ತ್. ಹಲ್ಲ್ ಮುಟ್ಟಿ ಕಾಣಿ, ಗಟ್ಟಿ ಇತ್ತ್."

"ನೀ ಓದಿದ್ದ್ ಎಷ್ಟ್? ಪುಸ್ತಕದಾಗೆ ಅಚ್ಚಾದ್ದ್ ಸುಳ್ಳಾ?"

ನನ್ನನ್ನು ಹೊಗಳಿ ಹೊಗಳಿ ಅವಳೇ ಎದುರು ಹೇಳುವ ಬಾಗಿಲು ಮುಚ್ಚಿಕೊಂಡಿದ್ದಳು.

ಪೈಕ್ರಾಫ್ಟ್ಸ್ ರಸ್ತೆಯಲ್ಲಿ ಹಲ್ಲು ಕೀಳುವವರೊಬ್ಬರಿದ್ದರು. ಅವರು ಸಣ್ಣ ಕನ್ನಡಿ ಹಾಕಿ ನೋಡಿ, "ಪಲ್ಲೆಲ್ಲಾಂ ನಲ್ಲಾ ಇರುಕ್ಕು ಸಾರ್" ಎಂದರು. ಹಲ್ಲು ಚೆನ್ನಾಗಿದೆ ಎಂದು ಅವರೇ ಹೇಳಿದರಲ್ಲ, ಅಲ್ಲಿಗೆ ನಾನು ಎದ್ದು ಬರಬೇಕಿತ್ತು. ಬದಲಿಗೆ ಕಿರುಹೊತ್ತಗೆಯ ಇಂಗ್ಲಿಷ್ ಮಾತುಗಳನ್ನು ಪುಟದ ಲೆಕ್ಕ ಸಮೇತ ಅವರ ಮುಖಕ್ಕೆ ಎರಚಿದೆ. ಅವರು ಇಕ್ಕಳ ತೆಗೆದರು. ಮೇಲಿನ ಒಂದು ದವಡೆಹಲ್ಲು ಹೋಯಿತು.

ಆಗಿನ ಕೆಟ್ಟ ಗಳಿಗೆ ನೋಡಿ, ಅದಾದ ಮೇಲೆ ಎರಡು ತಿಂಗಳು ನೋವು ಬರಲಿಲ್ಲ. ಈ ಕಾಯಿಲೆ ಹೀಗೆ ತಾನಾಗಿ ಬಿಟ್ಟು, ತಾನಾಗಿ ಮರಳುತ್ತದೆ ಎಂದು ಈಗ ತಿಳಿದಿದೆ. ಆಗ ನಾನು ಓಣಿಯಲ್ಲಿ ಎದೆ ಸೆಟೆಸಿ ನಡೆದೆ. ಪ್ರೆಸ್ಸಿನಲ್ಲಿ ಇಬ್ಬರಿಗೆ ಉಪದೇಶ ಮಾಡಿದೆ. ಮೂರನೆಯ ತಿಂಗಳಲ್ಲಿ ನೋವು ಬಂದಾಗ, ಕೀವು ಪಕ್ಕದ ಹಲ್ಲಿಗೆ ಹರಿದಿದೆ ಎಂದು ನಿಶ್ಚಯ ಮಾಡಿದೆ. ಎರಡನೆಯ ಹಲ್ಲು, ಮೂರನೆಯದು, ಕೆಳಗಿನವು. ಹದಿನಾಲ್ಕು ತಿಂಗಳಲ್ಲಿ ಏಳು. ಪ್ರತಿ ಸಲವೂ ಅವಳು, "ಹಲ್ಲಲ್ಲ ಅಂದ್ರೆ ಕೇಂತಿಲ್ಲ ನೀವ್" ಎನ್ನುತ್ತಿದ್ದಳು. ಏಳನೆಯ ಸಲ ಅದನ್ನು ಒಮ್ಮೆ ಅಷ್ಟೇ ಅಂದಳು. ಕುರ್ಚಿಯಲ್ಲಿ ಕೂತು, ಯಾರೂ ಹೇಳುವ ಮೊದಲೇ ಬಾಯಿ ತೆರೆದಳು. ಅದನ್ನು ನಾನು ಒಪ್ಪಿಗೆ ಎಂದುಕೊಂಡೆ.

ಆಮೇಲಿನ ಗುಣವತಿ ಬೇರೆ ಹೆಂಗಸು. ಸೆರಗಿನಿಂದ ಅರ್ಧ ಮುಖ ಮುಚ್ಚಿಕೊಂಡೇ ನಲ್ಲಿಗೆ ಹೋಗುತ್ತಿದ್ದಳು. ಮಾತಾಡಿದರೆ ನೋವು ಬರುತ್ತಿದ್ದುದರಿಂದ ಕೈಸನ್ನೆ ಮಾಡುತ್ತಿದ್ದಳು. ಗಂಜಿಯನ್ನು ಬಲಗಡೆಯ ಬಾಯಿಂದ ಹೀರಿ ನುಂಗುತ್ತಿದ್ದಳು. ಮಗಳು ಸರಸ ಶಾಲೆಯಿಂದ ಬಂದು, "ಅಮ್ಮಾ ಏನ್ ಪೇಸಲೆ?" ಎಂದು ಕೇಳಿದರೆ, ಯಾಕೆ ಮಾತಾಡುವುದಿಲ್ಲ ಎಂಬ ಆ ಪ್ರಶ್ನೆಗೆ ನಾನೇ ಮುಂದೆ ಬಿದ್ದು, "ನಿನ್ನಮ್ಮಂಗೆ ಸಿಟ್ಟ್" ಎನ್ನುತ್ತಿದ್ದೆ.

ಎದುರು ಮನೆಯ ಗೋದಾಬಾಯಿ ಬಳ್ಳಾರಿ ಕಡೆಯವರು. ಅವರ ಯಜಮಾನರು ರೈಲ್ವೆ ಆಫೀಸಿನಲ್ಲಿದ್ದರು. ಐವತ್ತೆಂಟರ ಒಂದು ದಿನ ನಾನು ಕೆಲಸಕ್ಕೆ ಹೋದ ಹೊತ್ತು ನೋಡಿ ಅವರು ಬಂದು, "ಏಳ್ರೀ ಗುಣವತಿಬಾಯಿ. ನಿಮ್ಮ ಮನೀಯವ್ರು ಇನ್ನ ಹಲ್ಲು ಎಣಿಸೋದ್ರಾಗ ಇದ್ದಾರ. ನಾವು ದವಾಖಾನಿಗೆ ಹೋಗೂಣು" ಎಂದು ಕೈ ಹಿಡಿದು ಬಸ್ಸು ಹತ್ತಿಸಿದರಂತೆ.

ಆ ಆಸ್ಪತ್ರೆಯಲ್ಲಿ ನರದ ನೋವುಗಳ ಮೇಲೆ ಅಧ್ಯಯನ ಮಾಡುತ್ತಿದ್ದ ಡಾಕ್ಟರ್ ನಾಗಮಣಿ ಎಂಬವರಿದ್ದರು. ಮನೆಮಾತು ಕನ್ನಡ, ಹುಟ್ಟಿ ಬೆಳೆದದ್ದು ಮದರಾಸು. "ಸರಿ ಮಾ, ಅವಸರ ಬೇಡ, ಮೆದುವಾ ಹೇಳಿ. ನೋವು ಬಂದಾಗ ಹೇಳಬೇಡಿ, ಪೋಯಿಟ್ಟ ಮೇಲೆ ಹೇಳಿ. ಐ ವಿಲ್ ವೇಟ್" ಎಂದರಂತೆ. ಹಾಗೆಂದು ಅವರು ಒಂದೂವರೆ ಗಂಟೆ ಕೂತರು. ಎರಡು ವರ್ಷದಲ್ಲಿ ಮೊದಲ ಸಲ ಒಬ್ಬರು ಗುಣವತಿಯ ಮಾತನ್ನು ಕೊನೆಯವರೆಗೆ ಕೇಳಿದ್ದರು. ಕೇಳಿದ್ದನ್ನು ಬರೆದುಕೊಂಡೂ ಇದ್ದರು. ಮುಂದಿನ ವಾರ ಕೆನ್ನೆಯ ಮೂಲಕ ನರಕ್ಕೆ ಸ್ಪಿರಿಟ್ ಸೂಜಿ ಹಾಕಿದರು. ಎಡ ಕೆನ್ನೆ ಮರದ ಹಾಗೆ ಜೋಮು ಹಿಡಿಯಿತು, ನೋವು ನಿಂತಿತು.

ಅವಳು ಮನೆಗೆ ಬಂದು ನಡೆದದ್ದನ್ನೆಲ್ಲ ಹೇಳಿದಳು. ನಾನು ಏನು ಹೇಳಿದೆ ಎಂಬುದನ್ನು ಬರೆಯಲು ಕೈ ಹಿಂಜರಿಯುತ್ತದೆ. "ಹಲ್ಲ್ ಕಿತ್ತದ್ದರ ಗುಣ ಈಗ ಹಿಡೀತ್, ಕಾಣ್" ಎಂದೆ.

ಅವಳು ಎದ್ದು ಸರಸಳ ಜಡೆ ಹಾಕಲು ಹೋದಳು.

ಅರವತ್ತರ ಜೂನಿನಲ್ಲಿ ವೈದ್ಯರ ಸಂಘವೊಂದರ ಪತ್ರಿಕೆ ಎಂದಿನಂತೆ ನಮ್ಮ ಪ್ರೆಸ್ಸಿಗೆ ಬಂತು. ಮೂರು ತಿಂಗಳಿಗೊಮ್ಮೆ ಬರುವ ಪತ್ರಿಕೆ ಅದು. ಹಸ್ತಪ್ರತಿಯನ್ನು ತುಂಡು ಮಾಡಿ ನಮಗೆ ಹಂಚುತ್ತಿದ್ದರು, ಯಾರ ಪಾಲಿಗೆ ಯಾವುದೋ. ನನ್ನ ಪಾಲಿಗೆ ಡಾಕ್ಟರ್ ನಾಗಮಣಿಯವರ ಲೇಖನದ ನಡುಭಾಗ ಬಂತು. ಮುಖದ ನರದ ಬೇನೆಯ ಒಂಬತ್ತು ರೋಗಿಗಳು. ನಾಲ್ಕನೆಯವರನ್ನು ಮುಗಿಸಿ ಐದಕ್ಕೆ ಬಂದೆ. ಮೂವತ್ತೆಂಟು ವರ್ಷದ ಗೃಹಿಣಿ, ದಕ್ಷಿಣ ಕನ್ನಡದವಳು, ಎಡಭಾಗ. ಕೈ ತನ್ನಷ್ಟಕ್ಕೆ ಮೊಳೆ ಹೆಕ್ಕುತ್ತಲೇ ಇತ್ತು. ಕಣ್ಣು ಮುಂದೆ ಹೋಯಿತು. 'ಏಳು ಆರೋಗ್ಯವಂತ ಹಲ್ಲುಗಳನ್ನು ಗಂಡನ ಒತ್ತಾಯದ ಮೇಲೆ ಕೀಳಲಾಗಿದೆ. ಹಲ್ಲು ನೋಯುತ್ತಿಲ್ಲ ಎಂದು ರೋಗಿ ಪ್ರತಿ ಸಲವೂ ಹೇಳಿದ್ದಾಳೆ. ಗಂಡ ಕಂಪೋಸಿಟರ್, ತಾನು ಅಚ್ಚಿಗೆ ಜೋಡಿಸಿದ ಪುಸ್ತಕವನ್ನು ಆಧಾರವಾಗಿ ಹೇಳಿದ್ದಾನೆ. ಮೂಗಿನ ಆಭರಣ ತೆಗೆದದ್ದಕ್ಕೂ ಆಕೆ ಬೈಸಿಕೊಂಡಿದ್ದಾಳೆ.' ಇಂಗ್ಲಿಷಿನಲ್ಲಿ ಅದು ಇನ್ನೂ ತಣ್ಣಗಿತ್ತು. ಕೋಪವಿಲ್ಲ, ಬೈಗುಳವಿಲ್ಲ. ಬೈದಿದ್ದರೆ ನಾನೂ ಬೈಯಬಹುದಿತ್ತು.

ಒಂದಕ್ಷರ ಬದಲಿಸದೆ ಜೋಡಿಸಿದೆ. ಬದಲಿಸಿ ಪ್ರಯೋಜನವಿರಲಿಲ್ಲ. ನಮ್ಮಲ್ಲಿ ಒಬ್ಬರು ಹಸ್ತಪ್ರತಿಯನ್ನು ಗಟ್ಟಿಯಾಗಿ ಓದುತ್ತಾರೆ, ಪ್ರೂಫ್ ರೀಡರು ಅಚ್ಚಾದ ಕರಡಿನಲ್ಲಿ ಬೆರಳಿಟ್ಟು ತಾಳೆ ನೋಡುತ್ತಾರೆ. ಆ ದಿನ ಅದನ್ನು ಓದುವಾಗ ಇಡೀ ಕೋಣೆಗೆ ಕೇಳಿಸಿತು. ಪ್ರೂಫ್ ರೀಡರ್ ಶಂಕರನಾರಾಯಣ ಪುತ್ತೂರಿನ ಕಡೆಯವರು, ಬಾಯಿ ಸುಮ್ಮನಿರುವ ಜನವಲ್ಲ. ಕನ್ನಡಕ ಹಣೆಗೇರಿಸಿ ನನ್ನ ಕಡೆ ತಿರುಗಿದರು.

"ಎಂತ ಸದಾನಂದರೇ, ಇವ ನಿಮ್ಮ ಕಸುಬಿನವನೇ ಮಾರಾಯ್ರೆ! ಏಳು ಹಲ್ಲು! ಎಂಟನೇದು ಯಾಕೆ ಬಿಟ್ಟ ಪುಣ್ಯಾತ್ಮ, ಪುಸ್ತಕದಲ್ಲಿ ಪುಟ ಮುಗಿದಿತ್ತಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಹಲ್ಲು ಕಾಣಿಸಿ ನಕ್ಕೆ.

ಡಾಕ್ಟರು ಕರಡು ನೋಡಿ, ಅಚ್ಚು ಹಾಕಬಹುದು ಎಂದು ಸಹಿ ಮಾಡಿ ಕಳಿಸಿದರು. ಪುಟಗಳನ್ನು ಕಬ್ಬಿಣದ ಚೌಕಟ್ಟಿನಲ್ಲಿ ಬಿಗಿದಾಯಿತು. ಇನ್ನು ಅದನ್ನು ಯಾರೂ ಓದುವುದಿಲ್ಲ, ಅಚ್ಚಿನ ಮಿಶನ್ನಿಗೆ ಹೋಗುತ್ತದೆ. ಬೇರೊಂದು ಪುಟದಲ್ಲಿ ಮುರಿದ ಮೊಳೆ ಬದಲಾಯಿಸಲು ನನ್ನನ್ನೇ ಕಳಿಸಿದರು. ಮಧ್ಯಾಹ್ನದ ಊಟದ ಹೊತ್ತು, ಹತ್ತಿರ ಯಾರೂ ಇರಲಿಲ್ಲ. ನಾನು ಐದನೆಯ ರೋಗಿಯ ಪುಟ ಸಡಿಲಿಸಿದೆ. ಮೂರು ಸಾಲು ತೆಗೆದು ಮೂರು ಸಾಲು ಕೂರಿಸಿದೆ. ಅಗಲ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗಲಿಲ್ಲ. ಅಷ್ಟು ಚೊಕ್ಕ ಕೆಲಸ ನಾನು ಜೀವಮಾನದಲ್ಲಿ ಮಾಡಿರಲಿಲ್ಲ. ಹೊಸ ಸಾಲುಗಳಲ್ಲಿ ಗಂಡ ಇರಲಿಲ್ಲ, ಕಂಪೋಸಿಟರೂ ಇರಲಿಲ್ಲ. ಏಳು ಆರೋಗ್ಯವಂತ ಹಲ್ಲುಗಳನ್ನು ರೋಗಿಯೇ ಹಟ ಹಿಡಿದು ಕೀಳಿಸಿಕೊಂಡಿದ್ದಾಳೆ, ಹಲ್ಲಿನವರು ಬೇಡವೆಂದರೂ ಕೇಳಲಿಲ್ಲ ಎಂದಿತ್ತು.

ಹೆಸರಿಲ್ಲದ ಒಂದು ಹೆಂಗಸಿನ ತಲೆಗೆ ಒಂದು ಸುಳ್ಳು ಕಟ್ಟಿದರೆ ಯಾರಿಗೇನು ನಷ್ಟ ಎಂದು ಮನಸ್ಸಿಗೆ ಹೇಳಿಕೊಂಡೆ. ಪತ್ರಿಕೆ ಹೊರಬಿತ್ತು. ಡಾಕ್ಟರ್ ನಾಗಮಣಿ ಸಹಿ ಹಾಕಿ ಕಳಿಸಿದ್ದನ್ನು ಮತ್ತೆ ಓದಲಿಲ್ಲವೆಂದು ಕಾಣುತ್ತದೆ. ಆರು ತಿಂಗಳು ಕಳೆಯಿತು, ಯಾರೂ ಕೇಳಲಿಲ್ಲ. ನಾನು ಮತ್ತೆ ತಲೆಯೆತ್ತಿ ನಡೆದೆ.

ಸೂಜಿಯ ಗುಣ ಕಾಯಂ ಅಲ್ಲ. ಅರವತ್ತೊಂದರ ಫೆಬ್ರವರಿಯಲ್ಲಿ ಗುಣವತಿಯ ಕೆನ್ನೆಯ ಜೋಮು ಬಿಟ್ಟಿತು, ನೋವು ಮರಳಿತು. ಮೊದಲಿಗಿಂತ ಜೋರು. ಅವಳು ಗೋದಾಬಾಯಿಯ ಜೊತೆ ಆಸ್ಪತ್ರೆಗೆ ಹೋದಳು. ಡಾಕ್ಟರ್ ನಾಗಮಣಿ ತಾಯಿಯ ಆರೈಕೆಗೆಂದು ರಜೆಯ ಮೇಲೆ ಬಳ್ಳಾರಿಗೆ ಹೋಗಿದ್ದರು. ಅವರು ಬರೆದುಕೊಂಡ ಟಿಪ್ಪಣಿ ಅವರ ಬಳಿಯೇ ಇತ್ತು. ಅವರ ಜಾಗದಲ್ಲಿದ್ದ ಬೇರೆ ಡಾಕ್ಟರು ಹಳೆಯ ಕಾಗದಪತ್ರದ ಜೊತೆ 'ಐದನೆಯ ರೋಗಿ' ಎಂದು ಗುರುತು ಹಾಕಿ ಇಟ್ಟಿದ್ದ ಪತ್ರಿಕೆಯನ್ನು ಓದಿ, ಸೂಜಿ ಹಾಕಲಿಲ್ಲ. ಒಂದು ಚೀಟಿ ಬರೆದು ಕೊಟ್ಟು ಕಳಿಸಿದರು.

ಸಂಜೆ ಅವಳು ಚೀಟಿಯನ್ನು ನನ್ನ ಕೈಗೆ ಕೊಟ್ಟಳು. ಮನೆಯಲ್ಲಿ ಇಂಗ್ಲಿಷ್ ಓದುವವನು ನಾನೇ ಅಲ್ಲವೇ.

'ಚೆನ್ನಾಗಿದ್ದ ಏಳು ಹಲ್ಲುಗಳನ್ನು ತಾನೇ ಹಟದಿಂದ ಕೀಳಿಸಿಕೊಂಡವಳು. ಪ್ರಕಟವಾದ ಲೇಖನದ ಐದನೆಯ ರೋಗಿ. ನರಕ್ಕೆ ಮತ್ತೆ ಸೂಜಿ ಬೇಡ. ಮನೋರೋಗದ ಆಸ್ಪತ್ರೆಯ ಅಭಿಪ್ರಾಯ ಬೇಕು.'

"ಎಂತ ಬರ್ದಿರ್?" ಎಂದಳು. ನಾನು ಚೀಟಿ ಮಡಚಿದೆ. ಅವಳೇ ಮುಂದುವರಿಸಿದಳು. "ಗೋದಾಬಾಯಿ ಅಲ್ಲೇ ನರ್ಸಮ್ಮನ ಹತ್ರ ಓದ್ಸಿ ಹೇಳಿರ್. ನನ್ನ ತಲೆ ಸರಿ ಇಲ್ಲ ಅಂಬ್ರ್. ಹಲ್ಲೆಲ್ಲ ನಾನೇ ಕೀಳ್ಸ್ಕಂಡೆ ಅಂಬ್ರ್. ನಾಗಮಣಿ ಡಾಕ್ಟ್ರಮ್ಮನೇ ಹಾಂಗ್ ಬರ್ದಿರ್ ಅಂಬ್ರ್."

ಅಷ್ಟು ಹೇಳುವುದರಲ್ಲಿ ಎರಡು ಸಲ ನೋವು ಹೊಡೆಯಿತು. ಅದು ಹೋಗುವವರೆಗೆ ಗೋಡೆ ಹಿಡಿದು ನಿಂತು, ಮತ್ತೆ ಹೇಳಿದಳು:

"ಅವ್ರಾದ್ರೂ ನಂಬಿರ್ ಅಂದ್ಕಂಡಿದ್ದೆ."

ಆಗಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಹದಿನೆಂಟು ದಿನ ಹೇಳಲಿಲ್ಲ. ಬೆಳಿಗ್ಗೆ ಎದ್ದು ಮೀಯುತ್ತಿದ್ದೆ, ವಿಭೂತಿ ಇಡುತ್ತಿದ್ದೆ, ಪ್ರೆಸ್ಸಿಗೆ ಹೋಗುತ್ತಿದ್ದೆ. ಅವಳು ಮೂಲೆಯಲ್ಲಿ ಸೆರಗು ಹೊದ್ದು ಕೂತಿರುತ್ತಿದ್ದಳು. ಸರಸ ಅನ್ನ ಮಾಡುತ್ತಿದ್ದಳು. ಗಂಜಿ ಬೇಡವೆಂದಳು, ಮಜ್ಜಿಗೆ ಬೇಡವೆಂದಳು. ಗೋದಾಬಾಯಿ ಬಾಗಿಲಲ್ಲಿ ನಿಂತು, "ಇಷ್ಟೆಲ್ಲ ಓದೀರಿ, ಆ ಡಾಕ್ಟರಗ ಒಂದು ಕಾಗದ ಬರೀಲಿಕ್ಕೆ ಬರೂದಿಲ್ಲೇನ್ರೀ? ನನ್ನ ಹೆಂಡ್ತಿ ಹಂಗ ಮಾಡಿಲ್ಲ ಅಂತ?" ಎಂದು ಚುಚ್ಚಿದರು. ಬರೆಯಲಿಕ್ಕೆ ಬರುತ್ತಿತ್ತು. ಅದೇ ಕಷ್ಟವಾಗಿತ್ತು.

ಹತ್ತೊಂಬತ್ತನೆಯ ದಿನ ಭಾನುವಾರ. ನಾನು ಪೇಪರು ಓದುತ್ತಿದ್ದೆ. ಗುಣವತಿ ಮೂಲೆಯಿಂದ ಮೆಲ್ಲಗೆ ಕರೆದಳು.

"ಹೋಯ್."

"ಎಂತ?"

"ನಾನೇ ಕೇಂಡಿರ್ಕ್."

"ಎಂತದ್ದ್?"

"ಹಲ್ಲ್ ತೆಗ್ಸಿ ಅಂತ. ನಾನೇ ಹೇಳಿರ್ಕ್. ಪುಸ್ತಕದಾಗೆ ಅಚ್ಚಾಯ್ತ್ ಅಂದ್ ಮೇಲೆ ಸುಳ್ಳ್ ಇರುಕಿಲ್ಲ, ಅಲ್ದಾ? ನೋವಿನಾಗೆ ನಂಗೇ ಮರೀತ್ ಕಾಂತ್. ತಲೆ ಸರಿ ಇಲ್ಲ ಅಂದದ್ದೂ ಹೌದಿರ್ಕ್. ಆ ಆಸ್ಪತ್ರೆಗೇ ಕರ್ಕಂಡ್ ಹೋಯ್ನಿ."

ಹಲ್ಲು ಕೀಳಿಸಲು ತಾನೇ ಹೇಳಿರಬೇಕು, ನೋವಿನಲ್ಲಿ ಮರೆತಿರಬೇಕು ಎನ್ನುತ್ತಿದ್ದಳು. ಅಚ್ಚಾದದ್ದು ಸುಳ್ಳಲ್ಲ ಎಂಬ ನನ್ನ ಮಾತನ್ನೇ ನನಗೆ ಹಿಂದಕ್ಕೆ ಕೊಟ್ಟಿದ್ದಳು. ಸಿಟ್ಟಿನಿಂದಲ್ಲ, ನಂಬಿ. ತನ್ನ ಬಾಯಿ ಹೇಳಿದ್ದು, ತನ್ನ ಕಿವಿ ಕೇಳಿದ್ದು, ತನ್ನ ಮೈ ಅನುಭವಿಸಿದ್ದು ಎಲ್ಲವನ್ನೂ ಮೂರು ಸಾಲಿನ ಮುಂದೆ ಇಟ್ಟು ಶರಣಾಗಿದ್ದಳು. ಆ ಮೂರು ಸಾಲು ನನ್ನ ಬೆರಳಿನವು.

ಪೇಪರು ಮಡಚಿಟ್ಟೆ. ಅವಳ ಎದುರು ನೆಲದ ಮೇಲೆ ಕೂತೆ. ಮದುವೆಯಾದಂದಿನಿಂದ ಅವಳ ಎದುರು ನೆಲದಲ್ಲಿ ಕೂತದ್ದು ನೆನಪಿಲ್ಲ. ಎಲ್ಲ ಹೇಳಿದೆ. ಪತ್ರಿಕೆ ನಮ್ಮ ಪ್ರೆಸ್ಸಿನಲ್ಲೇ ಅಚ್ಚಾಗುವುದು, ಆ ಪುಟ ನನ್ನ ಪಾಲಿಗೆ ಬಂದದ್ದು, ಎಲ್ಲರೂ ನಕ್ಕದ್ದು, ಊಟದ ಹೊತ್ತಿನಲ್ಲಿ ಸಾಲು ಬದಲಿಸಿದ್ದು. ಹೇಳುವಾಗ ನೆಲ ನೋಡುತ್ತಿದ್ದೆ. ಹೇಳಿ ಮುಗಿಸಿ ಬೈಗುಳಕ್ಕೆ ಬೆನ್ನು ಬಗ್ಗಿಸಿ ಕಾದೆ. ಬೈದರೆ ಹಗುರಾಗುತ್ತಿತ್ತು.

ಅವಳು ಕೇಳಿದ್ದು ಬೇರೆಯೇ.

"ಹಾಂಗಾರೆ ಡಾಕ್ಟ್ರಮ್ಮ ಸಮ ಬರ್ದಿದ್ರಾ?"

"ಸಮವೇ ಬರ್ದಿದ್ರ್."

"ನಾ ಹೇಳಿದ್ದ್ ಹಾಂಗೇ?"

"ಹಾಂಗೇ."

"ಹೇಳಿ ಕಾಂಬ. ಎಂತ ಬರ್ದಿದ್ರ್?"

ಆ ಸಾಲುಗಳು ನನಗೆ ಬಾಯಿಪಾಠವಾಗಿದ್ದವು. ಕನ್ನಡದಲ್ಲಿ ಹೇಳಿದೆ. ಗಂಡನ ಒತ್ತಾಯ, ಹಲ್ಲು ನೋಯುತ್ತಿಲ್ಲ ಎಂದು ಪ್ರತಿ ಸಲವೂ ಹೇಳಿದ್ದು, ಮೂಗುಬೊಟ್ಟಿನ ಬೈಗುಳ. "ಇನ್ನೊಂದ್ ಸಲ" ಎಂದಳು. ಮತ್ತೆ ಹೇಳಿದೆ. ಅವಳ ಕಣ್ಣಲ್ಲಿ ನೀರು ಹರಿಯಿತು. ನೀರು ಎಡ ಕೆನ್ನೆಗೆ ಇಳಿದರೆ ಅದಕ್ಕೂ ನೋವು ಬರುತ್ತದೆಂದು ತಲೆಯನ್ನು ಬಲಕ್ಕೆ ವಾಲಿಸಿ ಅತ್ತಳು. ಅದು ನನ್ನ ಮೇಲಿನ ಅಳುವಲ್ಲ. ಅಲ್ಲಿ ನಾನು ಲೆಕ್ಕಕ್ಕೇ ಇರಲಿಲ್ಲ. ಒಬ್ಬರು ನಂಬಿದ್ದರು ಎಂಬುದು ಅವಳಿಗೆ ಮರಳಿ ಸಿಕ್ಕಿತ್ತು, ಅಷ್ಟೆ.

ಆಮೇಲೆ ಮುಖ ಒರೆಸಿಕೊಂಡು, "ಅವ್ರ್ ಬಂದ್ ಕೂಡ್ಲೆ ಹೋಪ. ಹೇಳುದ್ ನೀವೇ. ನಾ ಹೇಳುದಿಲ್ಲ" ಎಂದಳು.

ಡಾಕ್ಟರ್ ನಾಗಮಣಿ ಬಳ್ಳಾರಿಯಿಂದ ಬಂದ ಮಾರನೆಯ ದಿನವೇ ಮೈಲಾಪುರದ ಅವರ ಮನೆಗೆ ಹೋದೆವು. ವಯಸ್ಸು ನಲವತ್ತರ ಆಚೆ, ತೆಳ್ಳಗಿನ ಹೆಂಗಸು. ಸೊರಗಿದ ಗುಣವತಿಯನ್ನು ನೋಡಿ, "ಏನ್ ಮಾ, ಇಷ್ಟು ಇಳೈಚ್ಚು ಹೋಗಿದ್ದೀರಿ?" ಎಂದು ಗಾಬರಿಯಾದರು. ನಾನು ನಿಂತೇ ಹೇಳಿದೆ. ಅವರು ಒಳಗಿನಿಂದ ಪತ್ರಿಕೆ ತಂದು ಆ ಪುಟ ತೆರೆದು ಓದಿದರು. ಅಲ್ಲಿಯವರೆಗೆ ಓದಿರಲಿಲ್ಲ.

"ಒಂಬತ್ತು ಜನ, ನಾಲ್ಕು ವರ್ಷ" ಎಂದರು. "ಇಷ್ಟೂ 'ಇದು ಮನಸ್ಸಿನ ರೋಗ ಅಲ್ಲ' ಅಂತ ತೋರಿಸಲಿಕ್ಕೆ. ಅದನ್ನು ಕೆಡಿಸಲಿಕ್ಕೆ ನಿಮ್ಮ ಮೂರು ಲೈನ್ ಸಾಕಾಯಿತು ಅಲ್ಲವಾ, ಮಿಸ್ಟರ್ ಸದಾನಂದ?"

ಅವರು ಪತ್ರಿಕೆ ಮಡಚಿ ಕೆಳಗಿಟ್ಟರು.

"ತಿದ್ದುಪಡಿ ಹಾಕಿಸಬೇಕು. ಆದರೆ ಇದು ಇವರ ಕಥೆ. ಇವರು ಒಪ್ಪಿದರೆ ಮಾತ್ರ." ಅವರು ಗುಣವತಿಯ ಕಡೆ ತಿರುಗಿದರು. "ಏನು ಬರೆಯಲಿ ಮಾ? 'ಗಂಡನ ಒತ್ತಾಯದ ಮೇಲೆ' ಅಂತ ಮತ್ತೆ ಹಾಕಲಾ?"

ಗುಣವತಿ ಸೆರಗಿನ ಮರೆಯಿಂದ ಯೋಚಿಸಿ ಹೇಳಿದಳು: "ಒತ್ತಾಯ ಅಲ್ಲ. ಬೈದ್ರ್ ಅಂತ ಬರೀನಿ."

"ಜರ್ನಲ್‌ನಲ್ಲಿ ಹಾಗೆ ಬರೆಯಲಿಕ್ಕೆ ಆಗಲ್ಲ ಮಾ."

"ಹಾಂಗಾರೆ ಒತ್ತಾಯವೇ ಇರ್ಲಿ. ಹೆಸರ್ ಹಾಕ್ಬೇಡಿ. ಸರಸನ ಮದಿ ಆಯ್ಕ್." ಮದುವೆಗಿರುವ ಮಗಳ ಚಿಂತೆ ಆ ನೋವಿನಲ್ಲೂ ಅವಳನ್ನು ಬಿಟ್ಟಿರಲಿಲ್ಲ.

ಪ್ರೆಸ್ಸಿನ ಮ್ಯಾನೇಜರಿಗೂ ನಾನೇ ಹೋಗಿ ಹೇಳಿದೆ. ಕೆಲಸ ಹೋಗುತ್ತದೆಂದುಕೊಂಡಿದ್ದೆ. ಹೋಗಲಿಲ್ಲ. ಮದುವೆ ಕಾಗದ, ನಾಟಕದ ಕರಪತ್ರ ಜೋಡಿಸುವ ಮೂಲೆಗೆ ಹಾಕಿದರು. ಆದರೆ ಆ ತಿದ್ದುಪಡಿಯ ನಾಲ್ಕು ಸಾಲನ್ನು ಮಾತ್ರ ನಾನೇ ಜೋಡಿಸಬೇಕೆಂದರು. ಜೋಡಿಸಿದೆ. ಪದ್ಧತಿಯಂತೆ ಹಸ್ತಪ್ರತಿಯನ್ನು ಗಟ್ಟಿಯಾಗಿ ಓದಿದರು. ಶಂಕರನಾರಾಯಣರು ಕರಡಿನಲ್ಲಿ ಬೆರಳಿಟ್ಟು ಕೇಳುತ್ತ ಹೋದರು. ಓದಿ ಮುಗಿದ ಮೇಲೆ ತಲೆಯೆತ್ತಿ, "ಇದು ಆ ಏಳು ಹಲ್ಲಿನವನದ್ದಲ್ಲವಾ? ಯಾರಂತೆ ಮಾರಾಯ್ರೆ ಇವ, ಕಡೆಗೂ ಗೊತ್ತಾಯ್ತಾ?" ಎಂದರು.

"ನಾನು" ಎಂದೆ.

ಈ ಸಲ ಯಾರೂ ನಗಲಿಲ್ಲ. ಅವರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು, ಮತ್ತೆ ಹಾಕಿಕೊಂಡರು. "ತಪ್ಪಿಲ್ಲ. ಸರಿ ಜೋಡಿಸಿದ್ದೀರಿ" ಎಂದು ಕರಡಿಗೆ ಸಹಿ ಹಾಕಿದರು.

ತಿದ್ದುಪಡಿ ಅಚ್ಚಾಗುವವರೆಗೆ ಡಾಕ್ಟರ್ ನಾಗಮಣಿ ಕಾಯಲಿಲ್ಲ. ಬಂದ ವಾರದಲ್ಲೇ ಗುಣವತಿಗೆ ಎರಡನೆಯ ಸೂಜಿ ಗೊತ್ತುಮಾಡಿದರು. ಗೋದಾಬಾಯಿಗೆ ಅಂದು ಜ್ವರ. ಹಾಗಾಗಿ ಜೊತೆಗೆ ನಾನು ಹೋದೆ. ಬಸ್ಸಿನಲ್ಲಿ ಅವಳು ಹೆಂಗಸರ ಸೀಟಿನಲ್ಲಿ ಕೂತಳು, ನಾನು ಹಿಂದೆ ನಿಂತೆ. ಆಸ್ಪತ್ರೆಯಲ್ಲಿ ಸೂಜಿ ಹಾಕುವ ಕೋಣೆಗೆ ಬಾಗಿಲಿರಲಿಲ್ಲ, ಹಸುರು ಪರದೆ ಇತ್ತು. ಅವಳು ಒಳಗೆ ಹೋದಳು. ನಾನು ಹೊರಗೆ ಬೆಂಚಿನಲ್ಲಿ ಕೂತು, ಒಳಗಿನ ಪಾತ್ರೆಗಳ ಸದ್ದು ಕೇಳುತ್ತಿದ್ದೆ.

"ಮೊದಲ ಸಲ ತುಂಬಾ ನೋಯಿತು ಅಲ್ಲವಾ ಮಾ?" ಡಾಕ್ಟರ್ ನಾಗಮಣಿಯ ದನಿ. "ಕೈ ಹಿಡಿದುಕೊಳ್ಳಲಿಕ್ಕೆ ಯಾರಾದರೂ ಬೇಕಾ? ಹಸ್ಬೆಂಡ್ ಬಂದಿದ್ದಾರಾ?"

ನಾನು ಬೆಂಚಿನಿಂದ ಎದ್ದೆ. ಪರದೆಯ ಹತ್ತಿರಕ್ಕೆ ಎರಡು ಹೆಜ್ಜೆ ಇಟ್ಟೆ.

"ಬಂದಿರ್" ಎಂದಳು ಗುಣವತಿ. "ಹೊರ್ಗೇ ಇರ್ಲಿ."